ಕಾವಲುಗಾರನ ಕೈಹಿಡಿದು ಬರುವ ರೋಗಾಣುಗಳು



ಶತ್ರುವು ಕೋಟೆಯ ಗೋಡೆಯನ್ನೊಡೆದು ಒಳನುಗ್ಗುವುದುಂಟು. ಕಾವಲುಗಾರನ ಹೆಗಲೇರಿಯೇ ಒಳಹೊಗುವುದೂ ಉಂಟು. ಶರೀರದೊಳಗೆ ನಡೆಯತಕ್ಕ ಈ ಎರಡನೆಯ ಬಗೆಯ ವಂಚನೆಯೇ ಪ್ರಕೃತ ಉಪನ್ಯಾಸದ ವಿಷಯವು.

ಚರ್ಮದಲ್ಲಿಯೂ, ಶ್ವಾಸಕೋಶವೇ ಮೊದಲಾದ ಅವಯವಗಳಲ್ಲಿಯೂ ಮರದ ಕೊಂಬೆಗಳಂತೆ ಬಾಹುಗಳನ್ನು ಚಾಚಿಕೊಂಡಿರುವ ಜೀವಕೋಶಗಳುಂಟು. ಇವಕ್ಕೆ ಡೆಂಡ್ರಿಟಿಕ್ ಕೋಶಗಳೆಂದು ಹೆಸರು. 1868ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸರು ವಿದ್ಯಾರ್ಥಿಯಾಗಿದ್ದಾಗಲೇ ಚರ್ಮದಲ್ಲಿ ಇಂಥವನ್ನು ಕಂಡು, ನರಕ್ಕೆ ಸೇರಿದವೆಂದು ಬಗೆದರು. 1973ರಲ್ಲಿ ನ್ಯೂಯಾರ್ಕಿನ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋಹ್ನ್ ಎಂಬವರು ಇಲಿಯ ಗುಲ್ಮದಲ್ಲಿ ಇವನ್ನು ಗುರುತಿಸಿ ಈಗಿನ ಹೆಸರನ್ನಿತ್ತರು. (2011ರಲ್ಲಿ ಸ್ಟೈನ್‌ಮನ್ನರಿಗೆ ನೊಬೆಲ್ ಬಹುಮಾನವು ಘೋಷಿತವಾದಾಗ ಅವರು ತೀರಿಕೊಂಡು ಮೂರು ದಿನಗಳಾಗಿದ್ದವು; ಸಮಿತಿಯು ಅದನ್ನರಿಯದೆ ಇದ್ದಿತು. ಬಹುಮಾನವು ಹಿಂತೆಗೆಯಲ್ಪಡಲಿಲ್ಲ.)

ರೋಗಾಣುವನ್ನು ಹಿಡಿದು, ಛಿದ್ರಮಾಡಿ, ಅದರ ತುಣುಕುಗಳನ್ನು ಹೊತ್ತು ದುಗ್ಧಗ್ರಂಥಿಗಳಿಗೆ ಹೋಗಿ, ಅಲ್ಲಿರುವ ಟಿ-ಕೋಶಗಳೆಂಬ ಸೈನಿಕರಿಗೆ ಶತ್ರುವಿನ ಗುರುತನ್ನು ತೋರಿಸುವುದೇ ಇವುಗಳ ಕಾರ್ಯವು. ಹಿಡಿಯುವುದಕ್ಕೆ ಕೈಗಳು ಬೇಕಷ್ಟೆ. ಕೋಶದ ಮೇಲ್ಮೈಯಲ್ಲಿರುವ ಗ್ರಾಹಕಗಳೇ ಆ ಕೈಗಳು. ಅವುಗಳೊಳಗೆ ಡಿಸಿ-ಸೈನ್ ಎಂಬುದು ಮ್ಯಾನೋಸ್ ಮೊದಲಾದ ಸಕ್ಕರೆಗಳನ್ನು ಹಿಡಿಯತಕ್ಕದ್ದು.

ಎಚ್.ಐ.ವಿ. ವೈರಸ್ಸಾದರೋ ಮ್ಯಾನೋಸಿನ ಹೊದಿಕೆಯನ್ನೇ ಹೊದ್ದು ಬರುವುದು. 2000ದಲ್ಲಿ ನೆದರ್ಲೆಂಡಿನ ಶಾಸ್ತ್ರಜ್ಞರು ಪ್ರಯೋಗದಿಂದ ತೋರಿಸಿದಂತೆ, ಡಿಸಿ-ಸೈನಿಗೆ ಅಂಟಿಕೊಂಡ ವೈರಸ್ಸು ಟಿ-ಕೋಶಗಳಿಗೆ ದಾಟಿಸಲ್ಪಡುವುದು. ಅದು ಬೇಟೆಯಾಡುವುದೂ ಆ ಟಿ-ಕೋಶಗಳನ್ನೇ! ಹಿಡಿಯಲ್ಪಟ್ಟವುಗಳಲ್ಲಿ ಬಹುಭಾಗವು ನಾಶವಾಗುವುದು ನಿಜ. ಉಳಿದ ಅಲ್ಪವೇ ಅನರ್ಥಕ್ಕೆ ಸಾಕಾಗುವುದು.

ಕ್ಷಯರೋಗಾಣುವಿನ ಉಪಾಯವು ಬೇರೆ. ಅದರ ಹೊರಪೊರೆಯಲ್ಲಿಯೂ ಮ್ಯಾನೋಸಿನಿಂದ ಕೂಡಿದ ಪದಾರ್ಥವುಂಟು. ಅದು ಡಿಸಿ-ಸೈನನ್ನು ಹಿಡಿದರೆ ಡೆಂಡ್ರಿಟಿಕ್ ಕೋಶವು ಪಕ್ವವಾಗದೆ, ಯುದ್ಧವನ್ನು ತಗ್ಗಿಸತಕ್ಕ ಇಂಟರ್‌ಲ್ಯೂಕಿನ್-10 ಎಂಬ ರಸವನ್ನು ಹೆಚ್ಚಾಗಿ ಸ್ರವಿಸುವುದೆಂದು 2003ರಲ್ಲಿ ಪ್ರಕಟವಾಯಿತು. ಕಾವಲುಗಾರನೇ ಊರಿಗೆ ಕ್ಷೇಮವೆಂದು ಡಂಗುರ ಹೊಡೆದಂತಾಯಿತು. ಪ್ರಯೋಗಶಾಲೆಯಲ್ಲಿ ಕಂಡ ಈ ಸಂಗತಿಯು ರೋಗಿಯ ದೇಹದಲ್ಲಿ ಎಷ್ಟರಮಟ್ಟಿಗೆ ನಡೆಯುವುದೆಂಬಲ್ಲಿ ವಿದ್ವಾಂಸರೊಳಗೆ ಮತಭೇದವುಂಟು.

ಹಾಗಾದರೆ ಆ ಕೈಯನ್ನೇ ಕಟ್ಟಿಹಾಕಬಾರದೇಕೆಂದು ಕೆಲವರು ಕೇಳಬಹುದು. ಟಿ-ಕೋಶದೊಡನೆ ಮೊದಲು ಕೈಕುಲುಕುವುದಕ್ಕೂ ಡಿಸಿ-ಸೈನ್ ಬೇಕಾಗಿರುವುದು. ಅಲ್ಲದೆ ಎಲ್ಲ ಕೈಗಳೂ ಮೋಸಹೋಗುವುದಿಲ್ಲ: ಲ್ಯಾಂಗರ್‌ಹಾನ್ಸರು ಕಂಡ ಆ ಚರ್ಮಕೋಶಗಳಲ್ಲಿರುವ ಲ್ಯಾಂಗರಿನ್ ಎಂಬ ಗ್ರಾಹಕವು ಅದೇ ಎಚ್.ಐ.ವಿ.ಯನ್ನು ಹಿಡಿದು ಒಳಗೆಳೆದು ನಾಶಮಾಡುವುದೆಂದು 2007ರಲ್ಲಿ ಕಂಡುಬಂದಿತು. ಆದುದರಿಂದ ವೈರಸ್ಸನ್ನು ಡಿಸಿ-ಸೈನಿನಿಂದ ಮಾತ್ರ ತಪ್ಪಿಸಿ, ಲ್ಯಾಂಗರಿನನ್ನು ಮುಟ್ಟದಿರುವ ಕೃತಕ ಸಕ್ಕರೆಯ ಅಣುಗಳನ್ನು ರಚಿಸುವುದರಲ್ಲಿ ರಸಾಯನಶಾಸ್ತ್ರಜ್ಞರು ತೊಡಗಿರುವರು.