ಹಾದಿಯ ಮೇಲಿನ ಆಚಾರ



ಈ ಮಠದ ಅಂಗಳದಲ್ಲಿ ನೀವು ನಡೆದುಕೊಳ್ಳುವ ರೀತಿಯನ್ನು ನಾವು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ವಯಸ್ಸಾದವರು ಬಂದರೆ ಎದ್ದು ಜಾಗ ಕೊಡುತ್ತೀರಿ. ಅಕಸ್ಮಾತ್ ಒಬ್ಬರಿಗೆ ಕಾಲು ತಗುಲಿದರೆ ಮುಟ್ಟಿ ನಮಸ್ಕರಿಸುತ್ತೀರಿ. ಪ್ರಸಾದದ ಪಂಕ್ತಿಯಲ್ಲಿ ನೂಕಾಟವಿಲ್ಲ. ನಮಗೆ ಇದು ಸಂತೋಷದ ವಿಷಯ. ಆದರೆ ಇದೇ ಭಕ್ತರು ಮಹಾದ್ವಾರವನ್ನು ದಾಟಿ ಗಾಡಿಯ ಕೀಲಿ ತಿರುವಿದೊಡನೆ ಬೇರೆಯವರೇ ಆಗಿಬಿಡುತ್ತಾರೆ. ಎದುರಿಗೆ ಮುದುಕರಿರಲಿ, ಮಕ್ಕಳಿರಲಿ, ಹಾರ್ನು ಒಂದೇ ಸಮನೆ ಕಿರುಚುತ್ತದೆ. ವಿಭೂತಿ ಧರಿಸಿದ ಹಣೆಯ ಕೆಳಗಿನ ಬಾಯಿಯಿಂದ ಎಂಥ ಮಾತು ಹೊರಡುತ್ತದೆಂಬುದನ್ನು ನಾವು ಇಲ್ಲಿ ಹೇಳಲಾರೆವು.

ಇದಕ್ಕೆ ಕಾರಣವೇನೆಂದು ಯೋಚಿಸಿದ್ದೇವೆ. ನಾವು ಚಿಕ್ಕವರಿದ್ದಾಗ ಕಿರಿದಾದ ಹಾದಿಯಲ್ಲಿ ಎರಡು ಚಕ್ಕಡಿಗಳು ಎದುರಾದರೆ, ಬರಿದಾದದ್ದು ಇಳಿದು ತುಂಬಿದ್ದಕ್ಕೆ ದಾರಿ ಬಿಡುತ್ತಿತ್ತು. ಇಬ್ಬರೂ ಊರು ಕೇಳಿ, ಮಳೆ ಬೆಳೆ ಕೇಳಿ ಮುಂದೆ ಹೋಗುತ್ತಿದ್ದರು. ಆಗಿನವರೆಲ್ಲ ಸಾಧುಗಳಾಗಿದ್ದರೆಂದು ಇದರ ಅರ್ಥವಲ್ಲ. ಹೊಲದ ಬದುವಿಗಾಗಿ ತಲೆ ಒಡೆದುಕೊಂಡವರೂ ಅವರೇ. ಆದರೆ ಚಕ್ಕಡಿಯಲ್ಲಿ ಕುಳಿತವನ ಮುಖ ಎದುರಿನವನಿಗೆ ಕಾಣುತ್ತಿತ್ತು. ಈಗ ಗಾಜಿನ ಹಿಂದೆ ಕುಳಿತವನ ಮುಖ ಕಾಣುವುದಿಲ್ಲ. ಅವನಿಗೂ ಎದುರಿಗೆ ಮನುಷ್ಯ ಕಾಣುವುದಿಲ್ಲ, ಅಡ್ಡ ಬಂದ ವಸ್ತು ಮಾತ್ರ ಕಾಣುತ್ತದೆ. ಗುರುತಿನವರ ಮುಂದೆ ಉಳಿಯುವ ಆಚಾರ ಗುರುತಿಲ್ಲದವರ ಮುಂದೆ ಉಳಿಯದು. ಆದರೆ ನಮ್ಮ ಇಷ್ಟಲಿಂಗ ಗುಡಿಯಲ್ಲಿ ಬಿಟ್ಟುಬರುವಂಥದಲ್ಲ, ಎದೆಯ ಮೇಲಿರುವಂಥದು. ನೀವು ಸ್ಟಿಯರಿಂಗ್ ಹಿಡಿದಾಗಲೂ ಅದು ಅಲ್ಲಿಯೇ ಇರುತ್ತದೆ.

ಬಸ್ಸಿನ ಕಥೆಯೂ ಹೀಗೆಯೇ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿಯುವುದು, ಇಳಿಯುವವರನ್ನು ಒಳಕ್ಕೇ ನೂಕಿ ಹತ್ತುವುದು, ಕಂಡಕ್ಟರನೊಡನೆ ಏಕವಚನದಲ್ಲಿ ಜಗಳ. 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಸೌಕರ್ಯವಾಯಿತು. ಅಂದಿನಿಂದ ‘ಪುಕ್ಕಟೆ ಬಂದವರು’ ಎಂಬ ಮಾತನ್ನು ಕೆಲವು ಗಂಡಸರು ನಾಲಿಗೆಯ ತುದಿಯಲ್ಲಿಯೇ ಇಟ್ಟುಕೊಂಡಿದ್ದಾರೆ. ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮನಾದ ಸ್ಥಾನವಿತ್ತೆಂದು ವೇದಿಕೆಯ ಮೇಲೆ ಅಭಿಮಾನದಿಂದ ಹೇಳುತ್ತೇವೆ. ಬಸ್ಸಿನಲ್ಲಿ ಕೂಸನ್ನೆತ್ತಿಕೊಂಡು ನಿಂತ ತಾಯಿಗೆ ಒಂದು ಸೀಟು ಬಿಡಲು ಮನಸ್ಸು ಬಾರದು.

ಇನ್ನು ಅವಸರದ ಲೆಕ್ಕ. 20 ಕಿಲೋಮೀಟರಿನ ದಾರಿಯನ್ನು ಗಂಟೆಗೆ 60ರ ವೇಗದಲ್ಲಿ ಹೋದರೆ 20 ನಿಮಿಷ, 80ರ ವೇಗದಲ್ಲಿ ಹೋದರೆ 15 ನಿಮಿಷ. ಉಳಿದದ್ದು ಐದು ನಿಮಿಷ. ಊರು ಮುಟ್ಟಿದ ಮೇಲೆ ಚಹಾದಂಗಡಿಯ ಕಟ್ಟೆಯ ಮೇಲೆ ಅರ್ಧ ತಾಸು ಹರಟೆ! 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರು ಓಡುತ್ತದೆ. ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಆ ದೂರ ಕಳೆದೇ ಹೋಗಿರುತ್ತದೆ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ಈ ದೇಶದ ರಸ್ತೆಗಳ ಮೇಲೆ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಬರೆದಿದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಕಿವಿ ಒಡೆಯುವ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರಿನವರು ನಮ್ಮ ಭಕ್ತರಲ್ಲಿಯೂ ಇದ್ದಾರೆ. ಅವರು ಇಂದು ಹಿಂದಿನ ಸಾಲಿನಲ್ಲಿ ಕುಳಿತಿರುವುದೂ ನಮಗೆ ಕಾಣುತ್ತಿದೆ.

ಇಷ್ಟು ಹೇಳಿ ನಮ್ಮ ತಪ್ಪನ್ನು ಮುಚ್ಚಿಟ್ಟರೆ ಅದು ಆತ್ಮವಂಚನೆಯಾದೀತು. ಎರಡು ವರ್ಷದ ಹಿಂದೆ, ಯುಗಾದಿ ಹತ್ತಿರವಿದ್ದಾಗ, ಒಂದು ಊರಿನ ಕಾರ್ಯಕ್ರಮಕ್ಕೆ ಹೊರಟಿದ್ದೆವು. ತಡವಾಗಿತ್ತು; ತಡ ಮಾಡಿದವರೂ ನಾವೇ. ‘ಅಜ್ಜಾರ, ಎಂಟಕ್ಕ ಮುಟ್ಟಬೇಕಲ್ರಿ?’ ಎಂದು ಚಾಲಕ ಕೇಳಿದ. ‘ಹೌದಪಾ, ಜನ ಕಾಯ್ತಾರ’ ಎಂದೆವು. ಅವನಿಗೆ ಅಷ್ಟೇ ಸಾಕಾಯಿತು. ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆಯ ದಿನಗಳವು. ಕಂಬಿ ಹೊತ್ತ ಜನ ರಸ್ತೆಯ ಅಂಚಿನಲ್ಲಿ ಬರಿಗಾಲಿನಲ್ಲಿ ನಡೆದಿದ್ದರು. ದಾರಿಯುದ್ದಕ್ಕೂ ರೈತರು ಚಪ್ಪರ ಹಾಕಿ ಅವರಿಗೆ ಮಜ್ಜಿಗೆ ಕೊಡುತ್ತಿದ್ದರು, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಅಂಥ ದಾಸೋಹ ನಡೆದ ಹಾದಿಯಲ್ಲಿ ನಮ್ಮ ಗಾಡಿ ಹಾರ್ನು ಹೊಡೆಯುತ್ತ, ಲಾರಿಯನ್ನು ಹಿಂದಿಕ್ಕುವ ಭರದಲ್ಲಿ ಅಂಚಿಗೆ ಉಜ್ಜಿಕೊಂಡು ನುಗ್ಗಿತು. ಒಬ್ಬ ಮುದುಕಿ ಬೆದರಿ ಕೆಳಗಿನ ಜಾಲಿಯ ಮುಳ್ಳಿನೊಳಗೆ ಬಿದ್ದಳು.

ಗಾಡಿ ನಿಲ್ಲಿಸಿ ಹಿಂದಕ್ಕೆ ನಡೆದು ಹೋದೆವು. ಮೊಣಕೈ ಹರಿದು ರಕ್ತ ಬರುತ್ತಿತ್ತು. ಪಾದಗಳಿಗೆ ಮೊದಲೇ ಅರಿವೆ ಸುತ್ತಿಕೊಂಡಿದ್ದಳು. ನಮ್ಮ ಕಾವಿಯನ್ನು ಕಂಡವಳೇ ಬಗ್ಗಿ ನಮ್ಮ ಪಾದಕ್ಕೆ ಕೈ ಚಾಚಿ, ‘ಅಜ್ಜಾರ ಗಾಡಿ ಏನ್ರಿ? ನಾನಽ ಸರದು ನಡೀಬೇಕಿತ್ರಿ, ತಪ್ಪಾತು’ ಎಂದಳು.

ಜಂಗಮವೆಂದರೆ ಚಲಿಸುವುದು ಎಂದು ನಿಮಗೆ ನೂರು ಸಲ ಹೇಳಿದ್ದೇವೆ. ಅಂದು ಆ ಹಾದಿಯ ಮೇಲೆ ಜಂಗಮ ಯಾರು? ಕಾವಿಯುಟ್ಟು ಹಿಂದಿನ ಸೀಟಿನಲ್ಲಿ ಕುಳಿತ ನಾವೋ, ಅರಿವೆ ಸುತ್ತಿದ ಕಾಲಿನ ಆ ತಾಯಿಯೋ? ಚಾಲಕನನ್ನು ನಾವು ಬೈಯಲಿಲ್ಲ. ಕಾಲು ಅವನದಿದ್ದರೂ ಅವಸರ ನಮ್ಮದಿತ್ತು. ಆಕೆಯನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಮುಲಾಮು ಪಟ್ಟಿ ಕಟ್ಟಿಸಿದೆವು. ಗಾಡಿಯಲ್ಲಿಯೇ ಶ್ರೀಶೈಲಕ್ಕೆ ಕಳಿಸುತ್ತೇವೆಂದರೆ ಒಪ್ಪಲಿಲ್ಲ. ಬಿದ್ದ ಜಾಗಕ್ಕೇ ಬಿಡಿಸಿಕೊಂಡು ಅಲ್ಲಿಂದ ನಡೆದಳು. ನಾವು ಕಾರ್ಯಕ್ರಮವನ್ನು ಮುಟ್ಟಿದಾಗ ಹತ್ತೂವರೆ. ಜನ ಕಾದಿದ್ದರು, ಯಾರಿಗೂ ಏನೂ ಆಗಿರಲಿಲ್ಲ.

ಅಂದಿನಿಂದ ನಮ್ಮ ಗಾಡಿ 60ನ್ನು ದಾಟುವುದಿಲ್ಲ. ಇನ್ನೊಂದು ಮಾತು. ಹೊಸ ಗಾಡಿಗಳನ್ನು ಪೂಜೆಗೆ ತರುತ್ತೀರಿ. 18 ತುಂಬದ ಮಗನಿಗೆಂದು ತಂದ ಮೋಟಾರ್ ಸೈಕಲ್ಲಿಗೆ ಇನ್ನು ಮುಂದೆ ಈ ಮಠದಲ್ಲಿ ವಿಭೂತಿ ಹಚ್ಚುವುದಿಲ್ಲ. ಅಂಥ ಹುಡುಗ ಅಪಘಾತ ಮಾಡಿದರೆ ತಂದೆಗೆ ಮೂರು ವರ್ಷದವರೆಗೆ ಸಜೆ, 25 ಸಾವಿರ ದಂಡವೆಂದು 2019ರ ತಿದ್ದುಪಡಿಯಲ್ಲಿದೆ. ದಾರಿಯಲ್ಲಿ ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರಿಗೆ ಅದೇ ತಿದ್ದುಪಡಿ ರಕ್ಷಣೆಯನ್ನೂ ಕೊಟ್ಟಿದೆ. ಪೊಲೀಸರ ಕಾಟವೆಂದು ನೆವ ಹೇಳಿ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತ ನಿಲ್ಲಬೇಡಿರಿ.

ಈಗ ಪ್ರಸಾದಕ್ಕೆ ಏಳಿರಿ. ಪ್ರಸಾದವಾದ ಮೇಲೆ ಮಹಾದ್ವಾರದ ಹೊರಗೆ ಗಾಡಿಗಳ ಸಂದಣಿಯಾಗುತ್ತದೆ. ನಡೆದು ಹೋಗುವ ತಾಯಂದಿರೂ ಮಕ್ಕಳೂ ಮೊದಲು ದಾಟಲಿ. ಅಲ್ಲಿಯವರೆಗೆ ಯಾರೂ ಕೀಲಿ ತಿರುವಬೇಡಿರಿ. ನಾವೂ ದ್ವಾರದಲ್ಲಿಯೇ ನಿಂತಿರುತ್ತೇವೆ.