ಅಳತೆ ಪುಸ್ತಕ ಮತ್ತು ಕೂಲಿಯ ದಿನ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಕಾಯಕದ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದಾಗ, ನಾನು ವಚನ ಬಲ್ಲ ಪಂಡಿತನಲ್ಲ, ಮಣ್ಣು ಅಳೆದ ಇಂಜಿನಿಯರ್ ಎಂದು ಅರಿಕೆ ಮಾಡಿಕೊಂಡೆ. "ಅದನ್ನೇ ಹೇಳಿ" ಎಂದರು. ಹಾಗಾಗಿ ಉದ್ಯೋಗ ಖಾತ್ರಿಯ ಬಗ್ಗೆ ಹೇಳುತ್ತೇನೆ.

ಸರ್ಕಾರ ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡಿತು ಎಂಬ ಮಾತನ್ನು ನಮ್ಮ ಮಠದ ಕಟ್ಟೆಯ ಮೇಲೂ ಕೇಳಿದ್ದೇನೆ. ಉದ್ಯೋಗ ಖಾತ್ರಿಯನ್ನೂ ಅದೇ ಗಂಟಿಗೆ ಕಟ್ಟುತ್ತಾರೆ. ಆದರೆ ಇಲ್ಲಿ ಬಡವ ಕೇಳುವುದು ಅಕ್ಕಿಯನ್ನಲ್ಲ, ರೊಕ್ಕವನ್ನಲ್ಲ. ಕೆಲಸ ಕೊಡಿ ಎನ್ನುತ್ತಾನೆ. ಬೇಸಿಗೆಯ ಬಿಸಿಲಿನಲ್ಲಿ ಕೆರೆಯ ಹೂಳು ಹೊರುವವರನ್ನು ಸೋಮಾರಿ ಎನ್ನುವವರು ಒಂದು ಗಂಟೆ ಬುಟ್ಟಿ ಹೊತ್ತು ನೋಡಲಿ.

ಈ ವಿಚಾರ ಹುಟ್ಟಿದ್ದು ನಮ್ಮ ನೆರೆಯಲ್ಲೇ. ಬೆಳಗಾವಿ, ವಿಜಯಪುರಕ್ಕೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯ ತಾಸಗಾಂವ ತಾಲ್ಲೂಕಿನಲ್ಲಿ 1965ರಲ್ಲಿ ವಿ. ಸ. ಪಾಗೆ ಅವರು ಇದನ್ನು ಪ್ರಯೋಗ ಮಾಡಿ ನೋಡಿದರು. ಆಗ ಅವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. ಮುಂದೆ 1972ರ ಭೀಕರ ಬರ ಬಂತು. 1973ರ ಮೇ ತಿಂಗಳಲ್ಲಿ ಆ ರಾಜ್ಯದ ಬರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಬರ ಮುಗಿದ ಮೇಲೂ ಯೋಜನೆ ನಿಲ್ಲಲಿಲ್ಲ. 1977ರಲ್ಲಿ ಕಾಯ್ದೆಯಾಯಿತು, 1979ರಿಂದ ಜಾರಿಗೆ ಬಂತು. ಹಣಕ್ಕಾಗಿ 1975ರಲ್ಲಿ ವೃತ್ತಿ ತೆರಿಗೆ ಹಾಕಿದರು. ಮುಂಬೈಯ ಸಂಬಳದಾರನ ಒಂದಿಷ್ಟು ದುಡ್ಡು ಹಳ್ಳಿಯ ಕೂಲಿಗೆ ಹೋಯಿತು. ಇದಕ್ಕೆ ದಾಸೋಹ ಎಂಬ ಹೆಸರು ನಮಗೆ ಹೊಸದಲ್ಲ; ಅವರು ಅದನ್ನು ತೆರಿಗೆ ಎಂದರು, ಅಷ್ಟೇ.

ಇಡೀ ದೇಶಕ್ಕೆ ಕಾಯ್ದೆಯಾದದ್ದು 2005ರಲ್ಲಿ. 2006ರ ಫೆಬ್ರುವರಿ 2ರಂದು 200 ಜಿಲ್ಲೆಗಳಲ್ಲಿ ಶುರುವಾಯಿತು. ನಮ್ಮಲ್ಲಿ ಮೊದಲ ಸುತ್ತಿಗೆ ಬೀದರ್, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ, ದಾವಣಗೆರೆ. ಆ ಕಾಯ್ದೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಎಂದಿತ್ತು. ಗುತ್ತಿಗೆದಾರ ಇರಕೂಡದು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ರಾಜ್ಯ ಸರ್ಕಾರ ನಿರುದ್ಯೋಗ ಭತ್ಯೆ ಕೊಡಬೇಕು. ಮುಂದೆ ನಮ್ಮ ರಾಜ್ಯದಲ್ಲಿ ಕೂಲಿ ಗುಂಪಿನ ಮೇಟಿಗೆ 'ಕಾಯಕ ಬಂಧು' ಎಂದು ಹೆಸರಿಟ್ಟರು. ನನಗೆ ತುಂಬಾ ಹಿಡಿಸಿದ ಹೆಸರು.

ಈಗ ಕೀಲು ಎಲ್ಲಿ ಸಡಿಲ ಎಂದು ಹೇಳುತ್ತೇನೆ. ಆ 15 ದಿನದ ಲೆಕ್ಕಕ್ಕೆ ಆಧಾರ ತಾರೀಕು ಹಾಕಿದ ಸ್ವೀಕೃತಿ ರಸೀದಿ. ರಸೀದಿಯೇ ಇಲ್ಲದಿದ್ದರೆ ತಡವಾಯಿತೆಂದು ತೋರಿಸುವುದು ಹೇಗೆ? ಭತ್ಯೆ ಕೇಳುವುದು ಹೇಗೆ? ಅದಕ್ಕೇ ಎಷ್ಟೋ ಕಡೆ ಅರ್ಜಿ ಬಾಯಿಮಾತಿನಲ್ಲೇ ಮುಗಿಯುತ್ತಿತ್ತು.

ಇನ್ನೊಂದು ಕೀಲು ನನ್ನ ಕೈಯಲ್ಲೇ ಇತ್ತು. ಮಣ್ಣಿನ ಕೆಲಸದ ಕೂಲಿಯನ್ನು ಅಗೆದ ಗುಂಡಿ ಅಳೆದು ಲೆಕ್ಕ ಹಾಕುತ್ತಾರೆ. ಇಂಜಿನಿಯರ್ ಅಳೆದು, ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕುವ ತನಕ ಬಿಲ್ ಹೊರಡುವುದಿಲ್ಲ. ಕೂಲಿ ಹದಿನೈದು ದಿನ ದಾಟಬಾರದು ಎಂದು ಕಾಯ್ದೆ ಹೇಳುತ್ತದೆ. ನಾನು ಒಂದು ತಾಲ್ಲೂಕಿನಲ್ಲಿದ್ದಾಗ ಒಂದು ಕೆರೆಯ ಅಳತೆ ಪುಸ್ತಕ ನನ್ನ ಮೇಜಿನ ಮೇಲೆ ಇಪ್ಪತ್ತೆರಡು ದಿನ ಕೂತಿತ್ತು. ಆಗ ದೊಡ್ಡವರೊಬ್ಬರ ಭೇಟಿಗೆಂದು ರಸ್ತೆಗೆ ಡಾಂಬರು ಹಾಕಿಸುವ ಗಡಿಬಿಡಿ. ಒಂದು ದಿನ ಒಬ್ಬ ತಾಯಿ ಕಚೇರಿಗೆ ಬಂದು ಬಾಗಿಲಲ್ಲೇ ನಿಂತರು. "ಭಿಕ್ಷಾ ಬೇಡಾಕ ಬಂದಿಲ್ರಿ ಸಾಹೇಬ್ರ. ಮಣ್ಣ ಹೊತ್ತೀವಿ, ಅದರ ರೊಕ್ಕ ಕೊಡ್ರಿ" ಎಂದರು. ಕೂತುಕೊಳ್ಳಿ ಎನ್ನುವುದಕ್ಕೂ ನನಗೆ ಹೊಳೆಯಲಿಲ್ಲ. ಅಂದೇ ಸಂಜೆ ಹೋಗಿ ಅಳೆದೆ. ಅಷ್ಟರಲ್ಲಿ ಅವರ ಗುಂಪಿನ ಅರ್ಧ ಜನ ಪುಣೆಯ ಕಟ್ಟಡ ಕೆಲಸಕ್ಕೆ ಬಸ್ ಹತ್ತಿದ್ದರು. ಮಕ್ಕಳನ್ನೂ ಶಾಲೆ ಬಿಡಿಸಿ ಕರೆದುಕೊಂಡು ಹೋಗಿದ್ದರು.

ಯಾರೂ ನನ್ನನ್ನು ಪ್ರಶ್ನಿಸಲಿಲ್ಲ, ನೋಟಿಸ್ ಬರಲಿಲ್ಲ. ನಂತರದ ವರ್ಷಗಳಲ್ಲಿ ತಡಕ್ಕೆ ದಿನಕ್ಕೆ ಶೇ. 0.05 ಪರಿಹಾರ ಎಂದು ನಿಯಮ ಬಂತು. ಅಂದರೆ 3,000 ರೂಪಾಯಿ ಬಾಕಿ ಇದ್ದರೆ ದಿನಕ್ಕೆ ಒಂದೂವರೆ ರೂಪಾಯಿ. ಆಗಿನ ಕಾಲಕ್ಕೂ ಒಂದು ಚಹಾಕ್ಕೆ ಸಾಲದು. ಹಸಿದವನು ಕೆಲಸ ಕೇಳಿದ್ದ. ನಾನು ತಡ ಮಾಡಿ ಅವನು ಕೂಲಿಗಾಗಿ ಅಂಗಲಾಚುವಂತೆ ಮಾಡಿದೆ. ನಿವೃತ್ತನಾದ ಮೇಲೂ ಪೂಜೆಗೆ ಕೂತಾಗ ಆ ಬಾಗಿಲು ಕಣ್ಣಿಗೆ ಬರುತ್ತದೆ.

ಕಾಯ್ದೆಯ ಹೆಸರು, ದಿನಗಳ ಸಂಖ್ಯೆ ಬದಲಾಗುತ್ತಿರುತ್ತವೆ. ರಸೀದಿ ಮತ್ತು ಅಳತೆ ಮಾತ್ರ ಎಲ್ಲ ಕಾಲಕ್ಕೂ ಬೇಕು. ನಮ್ಮ ಯುವಕರಲ್ಲಿ ಡಿಪ್ಲೊಮಾ, ಬಿ.ಇ. ಓದಿದವರು ಬಹಳ ಜನ ಇದ್ದಾರೆ. ವಾರಕ್ಕೆ ಒಂದು ದಿನ ಪಂಚಾಯಿತಿ ಕಟ್ಟೆಗೆ ಬನ್ನಿ. ಅರ್ಜಿ ಬರೆದುಕೊಡಿ, ತಾರೀಕಿನ ರಸೀದಿ ಕೈಗೆ ಬರುವವರೆಗೆ ಕೂಲಿಕಾರರ ಜೊತೆ ನಿಲ್ಲಿ. ಉದ್ದ, ಅಗಲ, ಆಳ ಗುಣಿಸಿ ತಮ್ಮ ಗುಂಡಿಯ ಲೆಕ್ಕವನ್ನು ತಾವೇ ಹಾಕಿಕೊಳ್ಳುವುದನ್ನು ಅವರಿಗೆ ಕಲಿಸೋಣ. ಬರುವ ಸೋಮವಾರ ಬೆಳಗ್ಗೆ ಎಂಟಕ್ಕೆ ಮಠದ ಹಿಂದಿನ ಕೆರೆಯಂಗಳದಲ್ಲಿ ನಾನಿರುತ್ತೇನೆ. ಟೇಪು ನಾನೇ ತರುತ್ತೇನೆ, ನೀವು ಒಂದು ನೋಟ್‌ಬುಕ್ ತನ್ನಿ.