ಲಿನಕ್ಸ್: ಹಾಕಿಕೊಡುವುದು ಒಂದು ತಾಸು, ಕಲಿಸುವುದು ಹಲವು ಭಾನುವಾರ



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ ಎಂದು ಯಾರೋ ಹೇಳಿರಬಹುದು. ಹಾಗೆಂದು ಅದನ್ನು ಭಂಗಾರ್‌ವಾಲಾನ ಗಾಡಿಗೆ ಹಾಕಬೇಡಿ, ಸ್ವಲ್ಪ ತಾಳಿ. ಅದಕ್ಕೆ ಲಿನಕ್ಸ್ ಹಾಕಿ ನೋಡಬಹುದು.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಶುರುಮಾಡಿದ ಕೆಲಸ ಇದು. ಉಬುಂಟು, ಲಿನಕ್ಸ್ ಮಿಂಟ್‌ನಂಥ ಅದರ ರೂಪಗಳನ್ನು ಕಾಸು ಕೊಡದೆ ಪಡೆಯಬಹುದು, ಪ್ರತಿ ಮಾಡಿ ಪಕ್ಕದವರಿಗೂ ಕೊಡಬಹುದು. ಅದು ಕಳ್ಳ ಪ್ರತಿಯಾಗುವುದಿಲ್ಲ.

ಒಂದು ಕಡೆ ಸೇರಿ ಹೊಸಬರ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡುವ ಕೂಟಕ್ಕೆ ‘ಇನ್‌ಸ್ಟಾಲ್ ಫೆಸ್ಟ್’ ಎನ್ನುತ್ತಾರೆ. ಬೆಂಗಳೂರಿನಲ್ಲಿ 2001ರಲ್ಲೇ ಲಿನಕ್ಸ್ ಸಮ್ಮೇಳನ ನಡೆದಿತ್ತು. ಮುಂಬಯಿಯಲ್ಲೂ ಬಳಕೆದಾರರ ಗುಂಪು ಇತ್ತು. ಉಬುಂಟುವಿನವರು 2005ರಿಂದ 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು. ಈಗ ಒಂದು ಪೆನ್ ಡ್ರೈವ್ ಸಾಕು.

ನೆರೂಳಿನಲ್ಲಿ ಇಂಥ ಕೂಟಕ್ಕೆ ಏನೇನು ಬೇಕು? ಸಂಘದ್ದೋ ಸೊಸೈಟಿಯದೋ ಒಂದು ಹಾಲ್, ಸಾಕಷ್ಟು ಪ್ಲಗ್ ಪಾಯಿಂಟ್, ಇಂಟರ್‌ನೆಟ್, ತಿಳಿದವರು ಮೂರು ನಾಲ್ಕು ಜನ. ಬರುವವರು ಚಾರ್ಜರ್ ಮರೆಯಬಾರದು. ಅದಕ್ಕಿಂತ ಮುಖ್ಯವಾಗಿ, ಫೋಟೋ, ಕಾಗದಪತ್ರಗಳನ್ನೆಲ್ಲ ಬೇರೊಂದು ಡಿಸ್ಕ್‌ಗೆ ಪ್ರತಿ ಮಾಡಿಟ್ಟುಕೊಂಡೇ ಮನೆಯಿಂದ ಹೊರಡಬೇಕು. ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆಯೂ ಅನುಸ್ಥಾಪನೆಯ ಪರದೆಯಲ್ಲೇ ಇರುತ್ತದೆ. ಅದನ್ನು ಒತ್ತಿದರೆ ಮಗಳ ಮದುವೆಯ ಫೋಟೋ ಮತ್ತೆ ಸಿಗದೆ ಹೋಗಬಹುದು.

ಮೊದಲು ಪೆನ್ ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಿ. ಡಿಸ್ಕ್‌ನಲ್ಲಿರುವುದನ್ನು ಮುಟ್ಟದೆ ವೈ-ಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಬಹುದು. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಲೆಕ್ಕದ ತಂತ್ರಾಂಶವೇ ನಿಮ್ಮ ಅನ್ನದ ದಾರಿಯಾಗಿದ್ದರೆ ವಿಂಡೋಸ್ ತೆಗೆಯಲೇಬೇಡಿ. ಇದನ್ನು ಬಂದವರಿಗೆ ಮೊದಲೇ ತಿಳಿಸುವುದು ಹಾಕಿಕೊಡುವವರ ಧರ್ಮ.

ಇನ್ನು, ಸಹಾಯಕ್ಕೆ ನಿಲ್ಲುವ ತರುಣರಿಗೆ ಒಂದು ಮಾತು. ಕೀಲಿಮಣೆಯನ್ನು ನೀವು ಎಳೆದುಕೊಳ್ಳಬೇಡಿ. ನೀವು ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಎದುರಿನ ಅಜ್ಜನಿಗೆ ಅರ್ಧ ತಾಸು ಬೇಕಾಗಬಹುದು, ಬೇಕಾಗಲಿ. ಒತ್ತುವ ಬೆರಳು ಅವರದೇ ಇರಲಿ. ಕೂಟದ ದಿನ ಎಲ್ಲವೂ ಸರಿಯಾಗೇ ಇರುತ್ತದೆ, ಕಷ್ಟ ಶುರುವಾಗುವುದು ಸೋಮವಾರ. ಪ್ರಿಂಟರ್ ನಿಂತಿತು, ಫೈಲ್ ಎಲ್ಲಿ ಹೋಯಿತೋ ತಿಳಿಯದು, ಕೇಳೋಣವೆಂದರೆ ಯಾರೂ ಇಲ್ಲ. ಆಗ ಯಾರಾದರೂ ಕಳ್ಳ ವಿಂಡೋಸ್ ಹಾಕಿಕೊಟ್ಟು ಹೋಗುತ್ತಾರೆ. ನಿಮ್ಮ ಭಾನುವಾರ ನೀರಲ್ಲಿ ಹೋಮ ಮಾಡಿದಂತೆ. ಆದ್ದರಿಂದ ಮೊದಲ ಕೂಟದ ದಿನವೇ ಎರಡನೆಯ ಕೂಟದ ತಾರೀಖು ಹೇಳಿಬಿಡಿ.

ನಮ್ಮವರಿಗೆ ಕನ್ನಡದ ಕೆಲಸವೂ ಇರುತ್ತದೆಯಲ್ಲ. ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ‘ಕನ್ನಡ’ದ ಜೊತೆ ‘ಕಗಪ’ ಎಂಬುದನ್ನೂ ಹುಡುಕಿ. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ಯಲ್ಲಿ ಬೆರಳಿಗೆ ರೂಢಿಯಾದ ವಿನ್ಯಾಸವೇ ಅದು. ಆದರೆ ಸಂಘದ ಹಳೆಯ ಸದಸ್ಯರ ಪಟ್ಟಿ ಹಳೆಯ ನುಡಿ ಫಾಂಟ್‌ನಲ್ಲಿದ್ದರೆ ಪರದೆಯ ಮೇಲೆ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಗಾಬರಿ ಬೇಡ, ಕಡತ ಕೆಟ್ಟಿಲ್ಲ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಸರಿ. ಹೊಸಬರು ಹೆದರುವ ಮೊದಲೇ ಇದನ್ನು ತೋರಿಸಿಕೊಡಿ.

ಮನೆಯಲ್ಲಿ ಕೂತು ಕಲಿಯಲು ನಮ್ಮ ಪೊವಾಯಿಯ ಐ.ಐ.ಟಿ.ಯವರ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳಿವೆ. ಲಿನಕ್ಸ್ ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ, ಹಣ ಕೊಡಬೇಕಿಲ್ಲ. ಒಂದು ಪಾಠ ಕೇಳಿ, ನಿಲ್ಲಿಸಿ, ಮಾಡಿ ನೋಡಿ, ಮುಂದಕ್ಕೆ ಹೋಗಿ. ತಿಳಿಯದ್ದನ್ನು ಚೀಟಿಯಲ್ಲಿ ಬರೆದಿಟ್ಟು ಮುಂದಿನ ಕೂಟಕ್ಕೆ ತನ್ನಿ.

ಮೊದಲ ಕೂಟಕ್ಕೆ ಹತ್ತು ಜನ ಬಂದರೆ ಸಂತೋಷ. ಅವರಲ್ಲಿ ಇಬ್ಬರು ಮೂರನೆಯ ಕೂಟದಲ್ಲಿ ಬೇರೆಯವರಿಗೆ ಕಲಿಸಲು ನಿಂತರೆ, ನೆರೂಳಿನ ಕೂಟ ಗೆದ್ದಂತೆ. ಅಟ್ಟದ ಮೇಲಿನ ಆ ಲ್ಯಾಪ್‌ಟಾಪ್‌ನ ಧೂಳು ಒರೆಸಿಡಿ.